ಸುಣ್ಣಾನ ಮರೀಬೇಡ

ಹಲ್ಲಿ ಸಾಕುತ್ತೇನೆ ಎಂದರೆ ಜನ ಮೊದಲು ನಗುತ್ತಾರೆ, ಆಮೇಲೆ ತಾವು ಕುಳಿತ ಕುರ್ಚಿಯ ಕೆಳಗೊಮ್ಮೆ ನೋಡಿಕೊಳ್ಳುತ್ತಾರೆ. ಪೇಂಟರ್‌ಗೆ ಇದೆಲ್ಲ ಅಭ್ಯಾಸವಾಗಿ ಹೋಗಿತ್ತು. "ಗೋಡೆ ಮೇಲೆ ಬಿಟ್ಟಿಯಾಗಿ ಓಡಾಡೋದನ್ನ ಪೆಟ್ಟಿಗೇಲಿಟ್ಟು ಸಾಕ್ತೀರಲ್ಲ, ನಿಮಗೇನು ಬೇರೆ ಕೆಲಸ ಇಲ್ವಾ?" ಎಂದು ಪಕ್ಕದ ಮನೆಯಾಕೆ ಕೇಳಿದ್ದಕ್ಕೆ ಅವನು, "ಇವು ಗೋಡೆ ಹತ್ತೋ ಜಾತಿ ಅಲ್ಲಮ್ಮ. ಈ ಮನೇಲಿ ಗೋಡೆ ಹತ್ತೋ ಹಲ್ಲಿ ಅಂದ್ರೆ ನಾನೊಬ್ನೇ," ಎಂದಿದ್ದ.

ಮಾತು ಸುಳ್ಳಲ್ಲ. ಮೀಸೆ ಮೂಡುವ ಮೊದಲೇ ಏಣಿ ಹತ್ತಿದವನು ತಲೆ ನರೆತರೂ ಇಳಿದಿರಲಿಲ್ಲ. ಸುಣ್ಣ ಬಳಿಯುವುದರಿಂದ ಶುರುವಾದ ಕಸುಬು ಅದು. ಆಮೇಲೆ ಡಿಸ್ಟೆಂಪರ್ ಬಂತು, ಪ್ಲಾಸ್ಟಿಕ್ ಪೇಂಟ್ ಬಂತು, ಅವನ ಬಾಯಲ್ಲಿ ಮಾತ್ರ ಬೆಳ್ಳಗಿರುವುದೆಲ್ಲ ಸುಣ್ಣವೇ. ಪ್ರೈಮರ್‌ಗೂ ಸುಣ್ಣ ಎನ್ನುತ್ತಿದ್ದ. ಜೊತೆಯ ಕೆಲಸದವರು ಆಡಿಕೊಂಡರೆ, "ಏನಂದ್ರೇನಯ್ಯ, ಗೋಡೆ ಬೆಳ್ಳಗಾಯ್ತಾ ಇಲ್ವಾ?" ಎಂದು ಬಾಯಿ ಮುಚ್ಚಿಸುತ್ತಿದ್ದ. ಏನಂದರೇನು ಎಂಬ ಆ ಉಡಾಫೆಗೆ ಅವನು ತೆತ್ತ ದಂಡ ಸಣ್ಣದಲ್ಲ. ಈ ಕಥೆ ಆ ದಂಡದ್ದೇ.

ಬಾಡಿಗೆಯವರು ಖಾಲಿ ಮಾಡಿದ ಮನೆಗೆ ಮೊದಲು ಕಾಲಿಡುವವನು ಪೇಂಟರ್. ಜನ ಏನನ್ನೆಲ್ಲ ಬಿಟ್ಟು ಹೋಗುತ್ತಾರೆ ಎಂಬುದು ಅವನಿಗೆ ಗೊತ್ತಿದ್ದಷ್ಟು ಮನೆಯ ಮಾಲೀಕರಿಗೂ ಗೊತ್ತಿರುವುದಿಲ್ಲ. ಹಾಗೆ ಒಂದು ಮೂರನೇ ಮಹಡಿಯ ಮನೆಯ ಸ್ನಾನದ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಯೊಂದು ಸಿಕ್ಕಿತು. ಒಳಗೆ ಬೆರಳುದ್ದದ ಎರಡು ಮರಿಗಳು. ಒಂದು ಹಳದಿ ಮೈಗೆ ಕಪ್ಪು ಚುಕ್ಕೆಯದು, ಇನ್ನೊಂದು ಪೂರಾ ಬಿಳಿ. ಮನೆಯ ಹಲ್ಲಿಗೆ ರೆಪ್ಪೆ ಇರುವುದಿಲ್ಲ. ಇವಕ್ಕೆ ರೆಪ್ಪೆ ಇತ್ತು. ಹಳದಿಯದು ಅವನನ್ನು ನೋಡಿ ನಿಧಾನವಾಗಿ ಕಣ್ಣು ಮುಚ್ಚಿ ತೆರೆಯಿತು. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಅವನನ್ನು ಹಾಗೆ ನೋಡುವವರು ಯಾರೂ ಇರಲಿಲ್ಲ. ಪೆಟ್ಟಿಗೆಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಮನೆಗೆ ತಂದ.

ಹೆಸರಿಟ್ಟವಳು ದೊಡ್ಡ ಮಗಳು. ಊರಿನ ಆಚೆ ತುದಿಯಲ್ಲಿ ಗಂಡನ ಜೊತೆ ಟೈರ್ ಪಂಕ್ಚರ್ ಅಂಗಡಿ ನಡೆಸುವವಳು. ಲಾರಿಯ ಟೈರನ್ನು ಒಬ್ಬಳೇ ಉರುಳಿಸಿ ನಿಲ್ಲಿಸುವ ಕೈ ಅವಳದು, ಬಾಯಿಯೂ ಹಾಗೆಯೇ. ಒಂದು ಭಾನುವಾರ ಬಂದವಳು ಪೆಟ್ಟಿಗೆಯನ್ನು ನೋಡಿ, "ಒಂದು ಬೆಣ್ಣೆ, ಒಂದು ಸುಣ್ಣ. ಈ ಮನೆಗೆ ಇದೇನು ಹೊಸದಾ ಬಿಡು," ಎಂದಳು. ಪೇಂಟರ್ ನಕ್ಕ. ಅವಳು ನಗಲಿಲ್ಲ. ಆದರೆ ಹೆಸರು ಅಂಟಿಕೊಂಡಿತು. ಹಳದಿಯವಳು ಬೆಣ್ಣೆಯಾದಳು, ಬಿಳಿಯವಳು ಸುಣ್ಣ.

ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ. ಅವಳು ಚುಚ್ಚಿದ್ದು ಎಲ್ಲಿಗೆ ಎಂದು ಅವನಿಗೆ ಗೊತ್ತಿತ್ತು. ಚಿಕ್ಕ ಮಗಳು ಹುಟ್ಟಿದಾಗ ಮೂಳೆ ಮೆತ್ತಗಿತ್ತು. ನಡೆಯುವ ವಯಸ್ಸಿಗೆ ಕಾಲು ಬಿಲ್ಲಿನಂತೆ ಬಾಗಿತು. "ಮೈಯಲ್ಲಿ ಸುಣ್ಣದ ಅಂಶ ಸಾಲದು," ಎಂದರು ಡಾಕ್ಟರು. ಬೆಳಿಗ್ಗೆ ಎಳೆಬಿಸಿಲು ಕಾಯಿಸುವುದು, ಕಾಲಿಗೆ ಪಟ್ಟಿ ಕಟ್ಟುವುದು, ಹೊತ್ತು ಹೊತ್ತಿಗೆ ಬಿಳಿ ಔಷಧ ಕುಡಿಸುವುದು. ಗಂಡ ಹೆಂಡತಿ ಇಬ್ಬರಿಗೂ ಉಸಿರಾಡಲು ಪುರುಸೊತ್ತಿರಲಿಲ್ಲ. ದೊಡ್ಡವಳನ್ನು ಅವಳ ದೊಡ್ಡಮ್ಮನ ಮನೆಯಲ್ಲಿ ಬಿಟ್ಟರು. ಸ್ವಲ್ಪ ದಿನ ಎಂದು ಬಿಟ್ಟದ್ದು ವರ್ಷಗಳಾದವು. ಕೇಳಿದವರಿಗೆಲ್ಲ ಪೇಂಟರ್ ಹೇಳುತ್ತಿದ್ದದ್ದು ಒಂದೇ ಮಾತು: "ಅವಳು ಗಟ್ಟಿ, ಅವಳಿಗೇನಾಗಲ್ಲ." ವಾಪಸ್ ಬರುವ ಹೊತ್ತಿಗೆ ಅವಳು ನೀರನ್ನೂ ಕೇಳಿಯೇ ಕುಡಿಯುವ ನೆಂಟರ ಹುಡುಗಿಯಂತಾಗಿದ್ದಳು. ಮನೆಯಲ್ಲಿ ಉಳಿದ ಮೂವರ ನಡುವೆ ಬೆಳೆದಿದ್ದ ಸಣ್ಣಪುಟ್ಟ ಮಾತು, ತಮಾಷೆ ಯಾವುದೂ ಅವಳಿಗೆ ತಿಳಿಯುತ್ತಿರಲಿಲ್ಲ.

ಹೆಂಡತಿ ಹೋದ ಮೇಲೆ ದೊಡ್ಡವಳ ಹತ್ತಿರ ಒಂದು ಮಾತು ಆಡಬೇಕು ಎಂದು ಪೇಂಟರ್‌ಗೆ ಅನ್ನಿಸುತ್ತಲೇ ಇತ್ತು. ಯಾವ ಮಾತು ಎಂದರೆ ಅವನಿಗೂ ಗೊತ್ತಿಲ್ಲ. ಅವಳು ಬಂದಾಗಲೆಲ್ಲ ಗಂಟಲಿನವರೆಗೆ ಬಂದದ್ದು, "ಅಂಗಡಿ ಹೇಗಿದೆ?" ಎಂದಾಗಿ ಹೊರಗೆ ಬೀಳುತ್ತಿತ್ತು.

ಮರಿಗಳು ಬೆಳೆದವು, ಒಂದೊಂದಕ್ಕೆ ಒಂದೊಂದು ಪೆಟ್ಟಿಗೆಯಾಯಿತು. ಎರಡೂ ಹೆಣ್ಣು. ಸಾಕುಪ್ರಾಣಿಗಳ ಅಂಗಡಿಯವನು ಒಂದು ಗಂಡು ತಂದುಕೊಟ್ಟ. ಅದಕ್ಕೆ ಪೇಂಟರ್ 'ಅಳಿಯ' ಎಂದು ಹೆಸರಿಟ್ಟ. ಅಳಿಯನಿಗೂ ಬೇರೆ ಪೆಟ್ಟಿಗೆ. ಯಾವಾಗಲೂ ಜೊತೆಗಿಟ್ಟರೆ ಹೆಣ್ಣಿಗೆ ನೆಮ್ಮದಿ ಇರುವುದಿಲ್ಲ ಎಂದು ಅಂಗಡಿಯವನು ಹೇಳಿದಾಗ, "ಅದು ಮನುಷ್ಯರಿಗೂ ಗೊತ್ತಿದ್ರೆ ಚೆನ್ನಾಗಿತ್ತು," ಎಂದಿದ್ದ ಪೇಂಟರ್. ಸುಣ್ಣ ಅಳಿಯನ ಬಾಲಕ್ಕೆ ಬಾಯಿ ಹಾಕಿ ಓಡಿಸಿಬಿಟ್ಟಳು. ಬೆಣ್ಣೆ ಓಡಿಸಲಿಲ್ಲ. ಸ್ವಲ್ಪ ದಿನಕ್ಕೆ ಅವಳನ್ನು ಎತ್ತಿ ಬೆಳಕಿಗೆ ಹಿಡಿದರೆ, ಹೊಟ್ಟೆಯ ತೆಳು ಚರ್ಮದ ಒಳಗೆ ಎರಡು ಮೊಟ್ಟೆಗಳು ಬೆಳ್ಳಗೆ ಕಾಣುತ್ತಿದ್ದವು.

ಆ ಋತುವೆಲ್ಲ ಬೆಣ್ಣೆ ಜೋಡಿ ಜೋಡಿಯಾಗಿ ಮೊಟ್ಟೆ ಇಟ್ಟಳು. ಮೊಟ್ಟೆ ಇಡಲೆಂದೇ ಇಟ್ಟಿದ್ದ ಒದ್ದೆ ಪಾಚಿಯ ಡಬ್ಬಿಯಿಂದ ಅವನ್ನು ತೆಗೆಯುವಾಗ ಪೇಂಟರ್ ಉಸಿರು ಬಿಗಿಹಿಡಿಯುತ್ತಿದ್ದ. ಹಕ್ಕಿಯ ಮೊಟ್ಟೆಯಂತೆ ಇವನ್ನು ತಿರುಗಿಸುವ ಹಾಗಿಲ್ಲ. ಇಟ್ಟ ಮಗ್ಗುಲಲ್ಲೇ ಇರಬೇಕು, ತಿರುಗಿದರೆ ಒಳಗಿನ ಜೀವ ಹೋಗುತ್ತದೆ. ಗೋಡೆಗೆ ಗುರುತು ಹಾಕುವ ಪೆನ್ಸಿಲ್ಲಿನಿಂದಲೇ ಮೇಲ್ಭಾಗಕ್ಕೆ ಒಂದು ಚುಕ್ಕೆ ಇಟ್ಟು, ಹಾಗೆಯೇ ಎತ್ತಿ ಬೆಚ್ಚಗಿನ ಪೆಟ್ಟಿಗೆಯಲ್ಲಿ ಕೂರಿಸುತ್ತಿದ್ದ. ಹೊರಬಂದ ಮರಿಗಳನ್ನು ಸ್ವಲ್ಪ ಬೆಳೆಸಿ ಅಂಗಡಿಯವನಿಗೆ ಒಪ್ಪಿಸುವಾಗ, ಒಳ್ಳೆಯ ಮನೆ ನೋಡಿ ಕೊಡು ಎಂದು ಹೆಣ್ಣು ಹೆತ್ತವರಂತೆ ಹೇಳಿ ಬರುತ್ತಿದ್ದ.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ಕಲಿಸಿದವರು ಪ್ರಾಣಿಗಳ ಡಾಕ್ಟರಮ್ಮ. "ಮಿಡತೇಲಿ, ಹುಳದಲ್ಲಿ ಮಾಂಸ ಇದೆ, ಮೂಳೆ ಎಲ್ಲಿದೆ ಹೇಳಿ? ಕ್ಯಾಲ್ಸಿಯಂ ಪುಡಿ ಉದುರಿಸಿ ಕೊಡ್ಲೇಬೇಕು. ಅದ್ರಲ್ಲೂ ಮೊಟ್ಟೆ ಇಡೋ ಹೆಣ್ಣಿಗೆ. ಹೊರಗಿಂದ ಸಿಗ್ಲಿಲ್ಲ ಅಂದ್ರೆ ತಾಯಿ ತನ್ನ ಮೂಳೇನೇ ಕರಗಿಸಿ ಮೊಟ್ಟೆಗೆ ಕೊಡ್ತಾಳೆ," ಎಂದಿದ್ದರು. ಪೇಂಟರ್‌ಗೆ ಇದು ಗೊತ್ತಿದ್ದ ರೋಗವೇ. ಚಿಕ್ಕವಳ ಬಿಳಿ ಔಷಧಕ್ಕೆ ಮನೆಯಲ್ಲಿ ಸುಣ್ಣ ಎಂದೇ ಹೆಸರಿತ್ತು. "ಸುಣ್ಣ ಕುಡಿದ್ಯಾ?" ಎಂದರೆ ಅವಳು ಬೆಳ್ಳಗಾದ ನಾಲಿಗೆ ಚಾಚಿ ತೋರಿಸುತ್ತಿದ್ದಳು. ಈಗ ಬೆಣ್ಣೆಯ ಪುಡಿಯೂ ಸುಣ್ಣವಾಯಿತು. ತಂದಿದ್ದ ಡಬ್ಬಿಯ ಮುಚ್ಚಳ ಒಡೆದಿದ್ದರಿಂದ ಪುಡಿಯನ್ನು ತೊಳೆದ ಹಳೆಯ ಪೇಂಟ್ ಡಬ್ಬಿಯೊಂದಕ್ಕೆ ಸುರಿದಿಟ್ಟ. ಒಂದು ಚೀಲಕ್ಕೆ ಮಿಡತೆ ಹಾಕಿ, ಚಿಟಿಕೆ ಪುಡಿ ಉದುರಿಸಿ ಕುಲುಕಿದರೆ ಮಿಡತೆಗಳು ಹಿಟ್ಟಿನ ಗಿರಣಿಯಿಂದ ಬಂದವರಂತೆ ಬೆಳ್ಳಗಾಗುತ್ತಿದ್ದವು. ಬೆಣ್ಣೆ ಅವನ್ನು ಒಂದೊಂದಾಗಿ ಹಿಡಿದು ತಿಂದು ತುಟಿ ನೆಕ್ಕಿಕೊಳ್ಳುತ್ತಿದ್ದಳು.

ಎರಡನೇ ವರ್ಷದ ಮೊಟ್ಟೆಯ ಕಾಲದಲ್ಲಿ ಪೇಂಟರ್ ಏಣಿಯಿಂದ ಬಿದ್ದ. ಯಾರದೋ ಮನೆಯ ಮೆಟ್ಟಿಲ ಗೋಡೆಗೆ ಬಣ್ಣ ಹೊಡೆಯುತ್ತಿದ್ದಾಗ ಏಣಿಯ ಒಂದು ಕಾಲು ಜಾರಿತು. ತೊಡೆಯ ಮೂಳೆ ಮುರಿಯಿತು. ಚಿಕ್ಕವಳು ದೂರದ ಊರಿನಲ್ಲಿ ಹಸಿ ಬಾಣಂತಿ, ಬರುವ ಹಾಗಿರಲಿಲ್ಲ. ದೊಡ್ಡವಳು ಅಂಗಡಿಯನ್ನು ಗಂಡನಿಗೆ ಒಪ್ಪಿಸಿ, ಕೈಗೆ ಹತ್ತಿದ್ದ ಗ್ರೀಸನ್ನು ಸರಿಯಾಗಿ ತೊಳೆಯದೆ ಆಸ್ಪತ್ರೆಗೆ ಓಡಿ ಬಂದಳು.

ಶಸ್ತ್ರಚಿಕಿತ್ಸೆಗೆ ಒಳಗೆ ಕರೆದೊಯ್ಯುವ ಮೊದಲು ಮಂಚದ ಪಕ್ಕ ನಿಂತಿದ್ದವಳ ಕೈ ಹಿಡಿದು ಅವನು ಹೇಳಿದ: "ಬೆಣ್ಣೆ ಮೊಟ್ಟೆ ಇಡೋ ಕಾಲ ಕಣಮ್ಮ. ಹುಳ ಹಾಕು, ನೀರಿಡು. ಏನೇ ಹೆಚ್ಚುಕಮ್ಮಿ ಆದ್ರೂ ಸುಣ್ಣಾನ ಮಾತ್ರ ಮರೀಬೇಡ."

ಅವಳು ಅವನ ಮುಖವನ್ನೇ ನೋಡಿದಳು. "ಏನಂದೆ?"

"ಸುಣ್ಣಾನ ಮರೀಬೇಡ. ನಂಗೆ ಅದೊಂದೇ ಚಿಂತೆ."

ಅವಳ ಕಣ್ಣು ತುಂಬಿ ಬಂತು. "ಮರೆಯಲ್ಲಪ್ಪ. ನಾನು ಮರೀತೀನಾ?" ಎಂದಳು. ಅಪ್ಪನಿಗೆ ಏನಾಗುವುದೋ ಎಂಬ ಭಯಕ್ಕೆ ಅಳುತ್ತಿದ್ದಾಳೆ ಎಂದುಕೊಂಡ ಪೇಂಟರ್. ಅಷ್ಟರಲ್ಲಿ ಮಂಚ ತಳ್ಳಿಕೊಂಡು ಹೋದರು.

ಆಸ್ಪತ್ರೆಯ ವಾಸ ಅಂದುಕೊಂಡದ್ದಕ್ಕಿಂತ ಉದ್ದವಾಯಿತು. ಗಾಯದಲ್ಲಿ ಕೀವು ತುಂಬಿದ್ದರಿಂದ ಮತ್ತೆ ಕುಯ್ದರು. ದೊಡ್ಡವಳು ಅಪ್ಪನ ಮನೆಯಲ್ಲೇ ಉಳಿದು ದಿನವೂ ಊಟ ತರುತ್ತಿದ್ದಳು. ಅವಳು ಬದಲಾದಂತಿತ್ತು. ಹಾಸಿಗೆಯ ಮೇಲೆ ಕುಳಿತು ಅವನ ಉಗುರು ಕತ್ತರಿಸುತ್ತಿದ್ದಳು, ಪಕ್ಕದ ಮಂಚದವರ ಗೊರಕೆಯನ್ನು ಅಣಕಿಸಿ ನಗಿಸುತ್ತಿದ್ದಳು. ಅವನು ಕೇಳುತ್ತಿದ್ದ, "ಸುಣ್ಣಾನ ಮರೆತಿಲ್ಲ ತಾನೆ?" "ಅಯ್ಯೋ, ಮೊದಲು ಅದೇ. ಆಮೇಲೆ ಮಿಕ್ಕಿದ್ದು," ಎನ್ನುತ್ತಿದ್ದಳು. ಅವನಿಗೆ ನೆಮ್ಮದಿ, ಅವಳಿಗೆ ಹೆಮ್ಮೆ. ಹೇಳಿದ್ದೊಂದು ಕೇಳಿದ್ದೊಂದು ಆಗಿದೆ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಕೊನೆಗೊಂದು ದಿನ ವಾಕರ್ ಊರಿಕೊಂಡು ಮನೆಗೆ ಬಂದ. ಮನೆ ಫಳಫಳ ಹೊಳೆಯುತ್ತಿತ್ತು. ಬಟ್ಟೆ ಬದಲಿಸುವ ಮೊದಲೇ ಪೆಟ್ಟಿಗೆಗಳ ಮುಂದೆ ಹೋಗಿ ನಿಂತ. ಸುಣ್ಣ ದಷ್ಟಪುಷ್ಟವಾಗಿದ್ದಳು. ಆ ಹಲ್ಲಿಗಳು ಕೊಬ್ಬನ್ನು ಬಾಲದಲ್ಲಿ ಕೂಡಿಡುತ್ತವೆ. ಅವಳ ಬಾಲ ಹೆಬ್ಬೆರಳಿನಷ್ಟು ದಪ್ಪವಾಗಿತ್ತು. "ನೋಡಪ್ಪ, ಹೇಗಿದಾಳೆ!" ಎಂದಳು ಮಗಳು, ಮಕ್ಕಳು ತಾವು ಬರೆದ ಚಿತ್ರ ತೋರಿಸುವ ದನಿಯಲ್ಲಿ.

ಅವನು ಬೆಣ್ಣೆಯ ಪೆಟ್ಟಿಗೆ ನೋಡಿದ. ಬೆಣ್ಣೆ ಹೊಟ್ಟೆ ಎಳೆದುಕೊಂಡು ಎರಡು ಹೆಜ್ಜೆ ಬಂದು ನಿಂತಳು. ಮುಂಗಾಲುಗಳು ಹೊರಕ್ಕೆ ಬಾಗಿದ್ದವು. ಬೆರಳುಗಳು ತಾವಾಗಿ ನಡುಗುತ್ತಿದ್ದವು. ಕೆಳದವಡೆ ಜೋತು, ಬಾಯಿ ಪೂರ್ತಿ ಮುಚ್ಚುತ್ತಿರಲಿಲ್ಲ. ಪಾಚಿಯ ಡಬ್ಬಿಯಲ್ಲಿ ಎರಡು ಮೊಟ್ಟೆಗಳು ಸುಕ್ಕುಗಟ್ಟಿ ಚಪ್ಪಟೆಯಾಗಿ ಬಿದ್ದಿದ್ದವು. ಆ ಬಾಗಿದ ಕಾಲುಗಳನ್ನು ಅವನು ಇನ್ನೊಂದು ಜೀವದಲ್ಲಿ ನೋಡಿದ್ದ.

"ಆ ಡಬ್ಬಿ ಎಲ್ಲಿ?" ಎಂದ.

"ಯಾವ ಡಬ್ಬಿ?"

"ಇಲ್ಲೇ ಇತ್ತಲ್ಲ, ಬಿಳಿ ಪುಡೀದು."

"ಪೇಂಟ್ ಸಾಮಾನಾ? ಅದನ್ನೆಲ್ಲ ಹಿತ್ತಲ ಶೆಡ್ಡಿಗೆ ಹಾಕ್ದೆ. ಊಟದ ಸಾಮಾನಿನ ಪಕ್ಕ ಗೋಡೆಗೆ ಬಳಿಯೋದನ್ನ ಯಾರಿಡ್ತಾರಪ್ಪ?"

ಬೈಗುಳ ಬಾಯಿ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವಳು ಸುಣ್ಣಳನ್ನು ಅಂಗೈಮೇಲೆ ಎತ್ತಿಕೊಂಡು, "ನೀನು ಹೇಳಿದ ಹಾಗೇ ಮಾಡಿದೀನಿ. ಇವಳನ್ನ ಒಂದು ದಿನವೂ ಮರೀಲಿಲ್ಲ," ಎಂದಳು. ಆಗ ಅವನಿಗೆ ಗೊತ್ತಾಯಿತು. ಆಸ್ಪತ್ರೆಯ ಮಂಚದ ಪಕ್ಕ ಅವಳ ಕಣ್ಣು ಯಾಕೆ ತುಂಬಿತು, ಉಗುರು ಕತ್ತರಿಸುವಾಗ ಯಾಕೆ ನಗುತ್ತಿದ್ದಳು, ಎಲ್ಲವೂ ಒಟ್ಟಿಗೆ ಗೊತ್ತಾಯಿತು. ಬೈಗುಳವನ್ನು ನುಂಗಿಕೊಂಡ. ಬೆಣ್ಣೆಯನ್ನು ಉಳಿಸಬೇಕು, ಅವಳು ಯಾಕೆ ಹೀಗಾದಳು ಎಂಬುದು ಮಗಳಿಗೆ ತಿಳಿಯಬಾರದು. ಎರಡೂ ಆಗಬೇಕಿತ್ತು ಅವನಿಗೆ.

ಡಾಕ್ಟರಮ್ಮ ಬೆಣ್ಣೆಯ ದವಡೆಯನ್ನು ಬೆರಳ ತುದಿಯಲ್ಲಿ ಒತ್ತಿ ನೋಡಿದರು. ಅದು ರಬ್ಬರಿನಂತೆ ಬಗ್ಗಿತು. "ಒಳಗೆ ಇನ್ನೂ ಎರಡು ಮೊಟ್ಟೆ ಸಿಕ್ಕಿಹಾಕ್ಕೊಂಡಿವೆ. ತಳ್ಳೋ ಶಕ್ತಿ ಇಲ್ಲ ಅವಳಿಗೆ. ಕ್ಯಾಲ್ಸಿಯಂ ಕೊಡ್ತಿರ್ಲಿಲ್ವಾ ಯಜಮಾನ್ರೇ? ಅಷ್ಟು ಹೇಳಿದ್ನಲ್ಲ," ಎಂದರು.

ಮಗಳು ಅವನ ಹಿಂದೆಯೇ ನಿಂತಿದ್ದಳು. "ಹೇಳೋದು ಮರೆತೆ ಡಾಕ್ಟ್ರೇ," ಎಂದ ಪೇಂಟರ್. "ಇವಳಿಗೆ ನಾನು ಹೇಳ್ಲೇ ಇಲ್ಲ. ತಪ್ಪು ನಂದೇ." ಡಾಕ್ಟರಮ್ಮ ಒಂದು ಚುಚ್ಚುಮದ್ದು ಕೊಟ್ಟು, ಕುಡಿಸಲು ಬಿಳಿ ದ್ರವದ ಸೀಸೆ ಕೊಟ್ಟರು. ಆಸೆ ಇದೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ.

ಪೇಂಟರ್‌ಗೆ ಬಗ್ಗಲು ಆಗುತ್ತಿರಲಿಲ್ಲ. ಕುಡಿಸುವ ಕೆಲಸ ಮಗಳದಾಯಿತು. ಟೈರಿನ ಬೋಲ್ಟ್ ತಿರುಗಿಸಿ ಒರಟಾದ ಆ ಕೈ, ಬೆಣ್ಣೆಯನ್ನು ಬಟ್ಟೆಯಲ್ಲಿ ಸುತ್ತಿ, ಜೋತ ಬಾಯಿಯ ಅಂಚಿಗೆ ಡ್ರಾಪರಿನ ತುದಿ ತಾಗಿಸಿ, ಹನಿ ಹನಿಯಾಗಿ ಬಿಡುತ್ತಿತ್ತು. ಬೆಣ್ಣೆ ನೆಕ್ಕುವವರೆಗೂ ಕಾಯುತ್ತಿತ್ತು. ಇವಳಿಗೆ ಇಷ್ಟು ಮೆದು ಕೈ ಇದೆ ಎಂದು ಅವನು ಎಂದೂ ನೋಡಿರಲಿಲ್ಲ. ಮರುದಿನ ಬೆಣ್ಣೆಯ ನಡುಕ ಸ್ವಲ್ಪ ತಗ್ಗಿದಂತಿತ್ತು. ಒಂದು ಮೊಟ್ಟೆಯೂ ಬಂತು. "ಇನ್ನೊಂದು ಬರ್ಲಿ ಸಾಕು," ಎಂದು ಮಗಳು ಪೆಟ್ಟಿಗೆಯ ಮುಂದೆಯೇ ಚಾಪೆ ಹಾಸಿಕೊಂಡಳು.

ಆ ಸಂಜೆ ಚಿಕ್ಕವಳ ಫೋನ್ ಬಂತು. ಅಪ್ಪನಿಗೆ ಕಿವಿ ಮಂದ ಎಂದು ದೊಡ್ಡವಳೇ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟು, ಡ್ರಾಪರ್ ಹಿಡಿದುಕೊಂಡು ಕೆಳಗೆ ಕುಳಿತಳು. ಹಿಂದೆ ಕೂಸು ಅಳುತ್ತಿತ್ತು. ಬೆಣ್ಣೆಗೆ ಹುಷಾರಿಲ್ಲ ಎಂದ ಪೇಂಟರ್. ಹೆಚ್ಚು ಹೇಳಬೇಕೆಂದಿರಲಿಲ್ಲ, ಆದರೆ ಚಿಕ್ಕವಳು ಬಿಡಬೇಕಲ್ಲ.

"ಅಯ್ಯೋ ಪಾಪ, ಯಾಕಪ್ಪಾ? ಸುಣ್ಣ ಹಾಕ್ತಿರ್ಲಿಲ್ವಾ ಅವಳಿಗೆ? ಆಸ್ಪತ್ರೆಯಿಂದ ಮಾತಾಡ್ದಾಗ ಅಕ್ಕಂಗೆ ಹೇಳಿದೀನಿ ಅಂದಿದ್ಯಲ್ಲ, ಬೆಣ್ಣೆಗೆ ಸುಣ್ಣ ಹಾಕೋಕೆ? ಈಗಾದ್ರೂ ನಂಗೆ ಕುಡಿಸ್ತಿದ್ಯಲ್ಲ ಹಾಗೆ ಮೂಗು ಹಿಡಿದು ಕುಡಿಸು," ಎಂದು ಅವಳು ನಕ್ಕಳು. ಅವಳ ನಗುವಿನಲ್ಲಿ ಕೆಡುಕೇನೂ ಇರಲಿಲ್ಲ.

ಡ್ರಾಪರ್ ಹಿಡಿದ ಕೈ ಗಾಳಿಯಲ್ಲೇ ನಿಂತಿತು. ಪೇಂಟರ್ ಏನೋ ಹೇಳಿ ಫೋನ್ ಇಟ್ಟ. ದೊಡ್ಡವಳು ತಲೆ ಎತ್ತಲಿಲ್ಲ. ಸೀಸೆಯ ಬಿಳಿ ದ್ರವವನ್ನು ಒಂದಿಷ್ಟು ಹೊತ್ತು ನೋಡಿದಳು. ಆಮೇಲೆ ಬೆಣ್ಣೆಯ ಬಾಯಿಗೆ ಉಳಿದ ಹನಿಗಳನ್ನು ಬಿಟ್ಟಳು, ಮೊದಲಿನಷ್ಟೇ ನಿಧಾನವಾಗಿ. ಅವಳು ಕೂಗಾಡಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

ಎರಡನೇ ಮೊಟ್ಟೆ ಬರಲಿಲ್ಲ. ಬೆಳಕು ಹರಿದಾಗ ಬೆಣ್ಣೆ ಬೆಚ್ಚಗಿನ ಕಲ್ಲಿನ ಮೇಲೆ ಗಲ್ಲ ಊರಿಕೊಂಡು ಮಲಗಿದ್ದಳು. ರೆಪ್ಪೆ ಮುಚ್ಚಿತ್ತು. ಮಗಳು ಬೆರಳಿನಿಂದ ಮುಟ್ಟಿ ನೋಡಿ, "ಹೋದ್ಲು," ಎಂದಳು.

ಹಿತ್ತಲಿನಲ್ಲಿ ಅವಳೇ ಗುಂಡಿ ತೋಡಿದಳು. ಅವನು ವಾಕರ್ ಊರಿಕೊಂಡು ನೋಡುತ್ತ ನಿಂತ. ಮಣ್ಣು ಮುಚ್ಚಿದ ಮೇಲೆ ಇಬ್ಬರೂ ಹಿಂಬಾಗಿಲ ಮೆಟ್ಟಿಲ ಮೇಲೆ ಕುಳಿತರು. ಅವಳ ಉಗುರಿನಲ್ಲಿ ಮಣ್ಣಿತ್ತು.

"ಆವತ್ತು ಆಸ್ಪತ್ರೇಲಿ ನೀನು ಹೇಳಿದ್ದು ಪುಡಿ ವಿಷಯ," ಎಂದಳು.

ಇಲ್ಲ, ಹಲ್ಲಿಯ ವಿಷಯವೇ ಎಂದುಬಿಡಬಹುದಿತ್ತು. ಡಾಕ್ಟರಮ್ಮನ ಮುಂದೆ ಆಡಿದ ಸುಳ್ಳಿಗೆ ಇನ್ನೊಂದು ಗಂಟು ಹಾಕಿದರೆ ಆಯಿತು. ಆದರೆ ಆ ಮುಖ ನೋಡಿ ಅವನಿಗೆ ಬಾಯಿ ಬರಲಿಲ್ಲ. "ಹೂಂ," ಎಂದ.

"ನಾನೇನಂದ್ಕೊಂಡೆ ಗೊತ್ತಾ?"

"ಗೊತ್ತು."

"ಗೊತ್ತಿಲ್ಲ ನಿಂಗೆ. ದಿನಾ ಎದ್ದ ತಕ್ಷಣ ಸುಣ್ಣಂಗೆ ಮೊದಲು ಹಾಕ್ತಿದ್ದೆ. ದೊಡ್ಡ ದೊಡ್ಡ ಮಿಡತೆ ಆರಿಸಿ. ಬೆಣ್ಣೆಗೆ ಆಮೇಲೆ, ಉಳಿದಿದ್ದು. ನಮ್ಮಪ್ಪ ಸಾಯೋ ಹೊತ್ನಲ್ಲೂ ಸುಣ್ಣಾನ ಮರೀಬೇಡ ಅಂದ ಅಂತ ನನ್ನ ಗಂಡನ ಹತ್ರ ಹೇಳ್ಕೊಂಡೆ. ಖುಷಿಯಾಗಿದ್ದೆ ನಾನು. ಆ ಜೀವ ಇಲ್ಲಿ ಕರಗ್ತಾ ಇತ್ತು, ನಾನು ಖುಷಿಯಾಗಿದ್ದೆ."

ಪೇಂಟರ್ ಮುರಿದ ಕಾಲನ್ನು ಎರಡೂ ಕೈಯಿಂದ ಎತ್ತಿ ಸರಿಯಾಗಿ ಇಟ್ಟುಕೊಂಡ. ಇಷ್ಟು ವರ್ಷ ಗಂಟಲಲ್ಲಿ ಸಿಕ್ಕಿಕೊಂಡದ್ದು ಯಾವ ಮಾತು ಎಂದು ಈಗ ಗೊತ್ತಾಗಿತ್ತು. ಆಡಲು ಮಾತ್ರ ಈಗಲೂ ಕಷ್ಟವಾಗುತ್ತಿತ್ತು.

"ನಾನು ಹೇಳಿದ್ದು ಪುಡಿ ವಿಷಯಾನೇ ಕಣಮ್ಮ. ನೀನು ಕೇಳಿಸ್ಕೊಂಡ್ಯಲ್ಲ, ಆ ಮಾತನ್ನ ನಾನು ಹೇಳ್ಬೇಕಿತ್ತು. ನಿನ್ನನ್ನ ದೊಡ್ಡಮ್ಮನ ಮನೇಲಿ ಬಿಟ್ಟು ಬಂದ್ನಲ್ಲ, ಆವತ್ತೇ ನಿಮ್ಮಮ್ಮಂಗೆ ಹೇಳ್ಬೇಕಿತ್ತು. ನನಗೇ ಹೇಳ್ಕೋಬೇಕಿತ್ತು. ಗಟ್ಟಿ ಇದಾಳೆ, ಏನಾಗಲ್ಲ ಅಂತ ಬಿಟ್ಟುಬಿಟ್ಟೆ. ಗಟ್ಟಿ ಇದ್ದೋರಿಗೆ ಬೇಡ್ವಾ? ಅವರಿಗೂ ಬೇಕು."

ಅವಳು ಉಗುರಿನ ಮಣ್ಣನ್ನು ಕೆದಕಿ ತೆಗೆದಳು. ಆಮೇಲೆ, "ಇಷ್ಟು ಹೇಳೋಕೆ ಒಂದು ಜೀವ ಹೋಗ್ಬೇಕಿತ್ತಾ ಅಪ್ಪಾ?" ಎಂದಳು.

ಅವಳು ಎದ್ದು ಹೋಗುತ್ತಾಳೆ ಎಂದುಕೊಂಡು ಅವನು ತಲೆ ತಗ್ಗಿಸಿ ಕಾದ. ಅವಳು ಹೋಗಲಿಲ್ಲ.